ಪಟ್ಟಿಯ ಹೊರಗಿನ ಎಮ್ಮೆ

ನಾನೂ ಒಮ್ಮೆ ಜನಸೇವೆ ಮಾಡಿದ್ದೇನೆ. ನಗಬೇಡಿ, ಅದಕ್ಕೆ ಮುದ್ರೆಯೊತ್ತಿದ ಪ್ರಮಾಣಪತ್ರವೇ ನನ್ನಲ್ಲಿದೆ. ನಿಜ ಹೇಳಬೇಕೆಂದರೆ, ಆ ಪತ್ರದ ಆಸೆಯಿಂದಲೇ ನಾನು ಕಾಲೇಜಿನ ಯುವ ರೆಡ್ ಕ್ರಾಸ್ ಸೇರಿದ್ದು.

2019ರ ಆಗಸ್ಟ್ ತಿಂಗಳು. ಘಟ್ಟದ ಮಳೆಗೆ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂವರೂ ದಂಡೆ ಮೀರಿ ಹೊರಟರು. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಹೆದ್ದಾರಿ ಮುಳುಗಿತು. ರಾಯಬಾಗ ತಾಲೂಕಿನ ಕುಡಚಿಯ ಸೇತುವೆ ಕಣ್ಮರೆಯಾಯಿತು. ಚಿಕ್ಕೋಡಿ, ಅಥಣಿ, ಕಾಗವಾಡಗಳ ಹೊಳೆಸಾಲಿನ ಜನ ಗಂಟುಮೂಟೆ ಹೊತ್ತು ಶಾಲೆಗಳಿಗೆ ಬಂದರು. ನನ್ನ ಪಾಲಿಗೆ ಬಂದದ್ದು ಕಾಗವಾಡದ ಕಡೆಯ ಒಂದು ಶಾಲೆ.

ಪಟ್ಟಿ ಬರೆಯುವುದು ನನ್ನ ಕೆಲಸ. ಹೆಸರು, ಊರು, ಮಂದಿ ಎಷ್ಟು, ಕಂಬಳಿ ಬೇಕೆ, ಔಷಧ ಬೇಕೆ—ನಾನೇ ಅಂದವಾಗಿ ಗೆರೆ ಎಳೆದು ಮನೆಗಳನ್ನು ಮಾಡಿಕೊಂಡಿದ್ದೆ. ಜುಗೂಳದ ಮುದುಕಿಯೊಬ್ಬಳು ಮಾತ್ರ ನನ್ನ ಯಾವ ಮನೆಯಲ್ಲೂ ಕೂಡಲಿಲ್ಲ. ಕಂಬಳಿ ಒಲ್ಲಳು, ಅನ್ನ ಮುಟ್ಟಳು. ಮೊದಲ ದಿನ "ಊಟ ಬೇಡವಂತೆ" ಎಂದು ಬರೆದು ಮುಂದೆ ನಡೆದೆ. ಎರಡನೆಯ ದಿನವೂ ತಟ್ಟೆ ಹಾಗೆಯೇ ಇತ್ತು. ಪುಸ್ತಕ ಮುಚ್ಚಿ ಪಕ್ಕದಲ್ಲಿ ಕುಳಿತೆ.

"ಯಾಕ ಆಯೀ, ಉಣ್ಣಾಂಗಿಲ್ಲೇನು?"

"ಎಮ್ಮಿ ಎರಡ ದಿನದಿಂದ ಉಪಾಸ ನಿಂತೈತಿ, ತಮ್ಮಾ. ಅದರ ಹಾಲಿನ ಮ್ಯಾಲ ನಮ್ಮ ಮನಿ ನಡದೈತಿ. ಅದನ್ನ ಬಿಟ್ಟ ನಾ ಹ್ಯಾಂಗ ಉಣ್ಣಲಿ?"

ಎಮ್ಮೆ ಶಾಲೆಯ ಹಿಂದೆಯೇ, ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಎರಡು ದಿನ ಅದರ ಮುಂದೆಯೇ ಓಡಾಡಿದ್ದೆ! ಗೆಳೆಯರಿಬ್ಬರೊಡನೆ ದಿನ್ನೆಯ ಹೊಲವೊಂದಕ್ಕೆ ಹೋಗಿ, ರೈತನನ್ನು ಬೇಡಿ, ಕಬ್ಬಿನ ಸೋಗೆಯ ಹೊರೆ ತಲೆಯ ಮೇಲೆ ತಂದೆವು. ಸೋಗೆಯ ಅಂಚಿಗೆ ಕುತ್ತಿಗೆಯೆಲ್ಲ ಗೀರಿತು. ಎಮ್ಮೆ ಬಾಯಿ ಹಾಕಿತು. ಆಯಿ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ರೆಡ್ ಕ್ರಾಸಿಗೆ ಮೂಲಪುರುಷನಾದ ಹೆನ್ರಿ ಡ್ಯೂನಾಂಟ್ ಕೂಡ ಸೇವೆಗೆಂದು ಹೊರಟವನಲ್ಲ. 1859ರಲ್ಲಿ ತನ್ನ ವ್ಯಾಪಾರದ ಅಹವಾಲು ಹಿಡಿದು ಫ್ರಾನ್ಸಿನ ಚಕ್ರವರ್ತಿಯನ್ನು ಕಾಣಹೋದವನು. ದಾರಿಯಲ್ಲಿ ಸಾಲ್ಫೆರಿನೋ ಯುದ್ಧದ ಗಾಯಾಳುಗಳನ್ನು ಕಂಡು, ಅಹವಾಲು ಮರೆತು ನಿಂತ. ಅವನಿಗೆ ಕಂಡದ್ದು ಒಡನೆ ಕಂಡಿತು. ನನಗೆ ಎರಡು ದಿನ ಹಿಡಿಯಿತು.

ಪ್ರಮಾಣಪತ್ರ ಕಪಾಟಿನಲ್ಲಿ ಎಲ್ಲೋ ಇದೆ. ಆ ಪಟ್ಟಿಯ ಪುಸ್ತಕ ಮಾತ್ರ ಮೇಜಿನ ಮೇಲಿದೆ. ಅದರಲ್ಲಿ ಗೆರೆಯ ಆಚೆ, ಅಂಚಿನಲ್ಲಿ, ಸೊಟ್ಟ ಅಕ್ಷರದಲ್ಲಿ ಬರೆದಿದ್ದೇನೆ: ಎಮ್ಮೆ, 1.