ಪಯಸ್ವಿನಿಯ ಬದಿಯಲ್ಲಿ ಎರಡು ದಿನ

ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಮಕ್ಕಳು ಬಂದು ನಿಂತರು. ಛಂದಸ್ಸಿನ ಬಗ್ಗೆ ಬರೆಯಲೇ ಎಂದು ಕೇಳಿದೆ. "ಪಾಠ ಬೇಡ ಸರ್, ನೀವು ಸೈಕಲ್ಲಿನಲ್ಲಿ ಸುಳ್ಯಕ್ಕೆ ಹೋದದ್ದನ್ನು ಬರೆಯಿರಿ" ಎಂದರು. ಯಾರಿಗೂ ತಿಳಿಯದಂತೆ ಹೋಗಿಬಂದೆನೆಂದೇ ನಾನು ಭಾವಿಸಿದ್ದೆ. ಆದರೆ ಮುಳ್ಳೇರಿಯದ ಹತ್ತಿರ ಏರಿನಲ್ಲಿ ಕನ್ನಡ ಮಾಷ್ಟ್ರು ಸೈಕಲ್ಲಿನಿಂದಿಳಿದು, ಏದುಸಿರು ಬಿಡುತ್ತ, ಅದನ್ನು ತಳ್ಳಿಕೊಂಡು ಹೋಗುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಒಂಬತ್ತನೆಯ ತರಗತಿಯ ನಾಲ್ವರು ನೋಡಿದ್ದರಂತೆ. ನಾಲ್ವರು ನೋಡಿದರೆ ಶಾಲೆಯೇ ನೋಡಿದಂತೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸೈಕಲ್ಲು ನನ್ನದಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ, ದಿನಾ ನಡೆಯಿರಿ ಎಂದು ವೈದ್ಯರು ಹೇಳಿದ್ದರು. ನಡೆಯಲು ಉದಾಸೀನ. ಸಹೋದ್ಯೋಗಿಯೊಬ್ಬರ ಮಗ ಹೊರದೇಶಕ್ಕೆ ಹೋಗುವಾಗ ಬಿಟ್ಟುಹೋದ ಗೇರಿನ ಸೈಕಲ್ಲು ಅವರ ಮನೆಯ ಹಟ್ಟಿಯಲ್ಲಿ ಧೂಳು ಹಿಡಿದಿತ್ತು. ಅದನ್ನು ಕೇಳಿ ತಂದೆ. ಏಳನೆಯ ತರಗತಿಯಲ್ಲಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ, ಸೀಟಿನ ಮೇಲೆ ಕಾಲೆಟಕದೆ, ಪೈಪಿನ ಒಳಗೆ ಕಾಲು ತೂರಿಸಿ ಕಲಿತ ವಿದ್ಯೆ ಅದು. ಮೂವತ್ತು ವರ್ಷ ಬಿಟ್ಟರೂ ಮರೆಯಲಿಲ್ಲ. ಮೊಣಕಾಲು ಮಾತ್ರ ಮರೆತಿತ್ತು.

ಕಳೆದ ದಶಂಬರದ ರಜೆಯಲ್ಲಿ ಹೊರಟ ದಾರಿ ಹೀಗೆ: ಬೋವಿಕ್ಕಾನದಿಂದ ಮುಳ್ಳೇರಿಯ, ಆದೂರು, ಕೊಟ್ಯಾಡಿಯ ಮೇಲಾಗಿ ಜಾಲ್ಸೂರು, ಅಲ್ಲಿಂದ ಸುಳ್ಯ. ರಾತ್ರಿ ಅಕ್ಕನ ಮನೆಯಲ್ಲಿ. ಮರುದಿನ ಸುಳ್ಯದಲ್ಲಿ ಹೊಳೆ ದಾಟಿ ಆಲೆಟ್ಟಿ, ಬಂದಡ್ಕ, ಕುತ್ತಿಕೋಲು, ಅಲ್ಲಿಂದ ಒಳದಾರಿಯಲ್ಲಿ ಇಳಿದು ಮನೆಗೆ. ಅಂದರೆ ಪಯಸ್ವಿನಿಯ ಉತ್ತರ ಬದಿಯಲ್ಲಿ ಹೋಗಿ ದಕ್ಷಿಣ ಬದಿಯಲ್ಲಿ ಬಂದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು ನಮ್ಮ ಜಿಲ್ಲೆಗೆ ಬರುವ ಹೊಳೆ ಇದು. ಸಮುದ್ರ ಹತ್ತಿರವಾದಂತೆ ನಾವು ಇದನ್ನು ಚಂದ್ರಗಿರಿ ಎನ್ನುತ್ತೇವೆ.

ಹೊಳೆಯ ಬದಿಯ ದಾರಿ ಎಂದ ಮಾತ್ರಕ್ಕೆ ಪೇಟೆಯ ಮಕ್ಕಳು ಬೇರೆಯೇ ಚಿತ್ರ ಬರೆದುಕೊಳ್ಳಬಾರದು. ಹೊಳೆ ಕಾಣುವುದು ಅಪರೂಪ. ನಮ್ಮದು ಮುರಕಲ್ಲಿನ ನಾಡು. ಮೇಲೆ ಬಿಸಿಲಿಗೆ ಕಾದ ಬೋಳು ಪದವು, ಕೆಳಗೆ ತಂಪಾದ ಅಡಿಕೆ ತೋಟ, ಅದರ ಅಂಚಿನಲ್ಲಿ ತೋಡು. ರಸ್ತೆ ಇವೆರಡರ ನಡುವೆ ಏರುತ್ತ ಇಳಿಯುತ್ತ ಸಾಗುತ್ತದೆ. ಬಸ್ಸಿನಲ್ಲಿ ಕುಳಿತವನಿಗೆ ಈ ಏರಿಳಿತ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋದ ನನಗೂ ತಿಳಿದಿರಲಿಲ್ಲ. ಸೈಕಲ್ಲಿನಲ್ಲಿ ಹೋದರೆ ಪ್ರತಿಯೊಂದು ತೋಡೂ ತನ್ನ ಲೆಕ್ಕ ಒಪ್ಪಿಸುತ್ತದೆ. ಇಳಿದರೆ ತೋಡು, ಏರಿದರೆ ಪದವು. ಇಳಿತದ ಕೊನೆಯಲ್ಲಿ ಗಾಳಿ ತಣ್ಣಗಾಗುತ್ತದೆ, ನೆನೆದ ಅಡಿಕೆ ಸಿಪ್ಪೆಯ ವಾಸನೆ ಬರುತ್ತದೆ, ಅಷ್ಟರಲ್ಲಿ ಮುಂದಿನ ಏರು ಎದುರಾಗುತ್ತದೆ. ಆದೂರಿನ ಆಸುಪಾಸಿನಲ್ಲಿ ಮರಗಳ ಸಂದಿಯಿಂದ ಒಂದೆರಡು ಬಾರಿ ನೀರು ಹೊಳೆದದ್ದೇ ನನ್ನ ಮೊದಲ ದಿನದ ಸಂಪಾದನೆ.

ಕಾರಡ್ಕದ ಕಾಡಿನ ಬಳಿ ಚಹಾದ ಅಂಗಡಿಯವರು, "ಮಾಷೇ, ಕತ್ತಲಾಗುವ ಮೊದಲು ದಾಟಿಬಿಡಿ" ಎಂದರು. ಕೆಲವು ವರ್ಷಗಳಿಂದ ಆ ಭಾಗದ ತೋಟಗಳಿಗೆ ಕಾಡಾನೆಗಳು ಇಳಿಯುತ್ತಿವೆ. ಸೈಕಲ್ಲಿಗೆ ಸದ್ದಿಲ್ಲ, ಆನೆಗೂ ಸದ್ದಿಲ್ಲ. ಎರಡೂ ತಿರುವಿನಲ್ಲಿ ಭೇಟಿಯಾಗುವುದು ಒಳ್ಳೆಯದಲ್ಲ. ಈ ದಾರಿಯಲ್ಲಿ ಹೋಗಬಯಸುವ ಹುಡುಗರು ಬೆಳಿಗ್ಗೆ ಏಳರ ನಂತರ ಹೊರಟು ಸಂಜೆ ನಾಲ್ಕಕ್ಕೆ ನಿಲ್ಲಿಸಬೇಕು. ಮಳೆಗಾಲದಲ್ಲಂತೂ ಬೇಡ. ಅಷ್ಟು ಧೈರ್ಯವಿಲ್ಲದವರಿಗೆ ಸಣ್ಣ ದಾರಿಯೊಂದಿದೆ: ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬದ ಕೋಟೆಗೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಅಲ್ಲಿ ನಿಂತರೆ ಹೊಳೆ ಸಮುದ್ರ ಸೇರುವುದು ಕಾಣುತ್ತದೆ. ಕನ್ನಡದ ಅರಸನ ಕೋಟೆ ಹೊಳೆಯ ತೆಂಕು ದಡದಲ್ಲಿರುವುದನ್ನು ನನ್ನ ವಿದ್ಯಾರ್ಥಿಗಳು ಗಮನಿಸಬೇಕು.

ಮುಳಿಯಾರಿನ ಗೇರು ತೋಟದ ಅಂಚಿನಲ್ಲಿ ನಾನು ಇಳಿದು ನಿಂತೆ. ಏರು ಕಾರಣವಲ್ಲ. ನಾವು ಹುಡುಗರಾಗಿದ್ದಾಗ ಆ ತೋಟಗಳ ಮೇಲೆ ಹೆಲಿಕಾಪ್ಟರು ಹಾರಿ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ಸದ್ದು ಕೇಳಿದೊಡನೆ ಬಾಡಿಗೆ ಸೈಕಲ್ಲು ಹತ್ತಿ ಓಡುತ್ತಿದ್ದೆವು. ಹೆಲಿಕಾಪ್ಟರು ಅಷ್ಟು ಕೆಳಗೆ ಬೇರೆಲ್ಲಿ ಕಾಣಸಿಗುತ್ತಿತ್ತು? ಕೈ ಬೀಸುತ್ತಿದ್ದೆವು. ಮುಖದ ಮೇಲೆ ಸಣ್ಣ ಹನಿ ಬಿದ್ದರೆ ನಗುತ್ತಿದ್ದೆವು. 2000ದಲ್ಲಿ ಅದು ನಿಂತಿತು. ದೇಶಕ್ಕೆಲ್ಲ ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ನನ್ನೊಡನೆ ಕೈ ಬೀಸಿದವರಲ್ಲಿ ಒಬ್ಬನ ಮಗಳು ಹಾಸಿಗೆಯಿಂದ ಎದ್ದವಳಲ್ಲ. ಕಾರಣ ಅದೇ ಎಂದು ಹೇಳಲು ನಾನು ವೈದ್ಯನಲ್ಲ. ಆ ಸ್ಥಳದಲ್ಲಿ ಸೈಕಲ್ಲು ತುಳಿಯುತ್ತ ಮುಂದೆ ಹೋಗಲು ಮನಸ್ಸಾಗಲಿಲ್ಲ, ಅಷ್ಟೇ. ಸ್ವಲ್ಪ ದೂರ ತಳ್ಳಿಕೊಂಡೇ ನಡೆದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಕ್ಕರೆಯ ಕಾಯಿಲೆ ನೆಪ. ಅಕ್ಕನ ಮನೆಗೆ ಹೊಳೆಯ ಜೊತೆಯಲ್ಲೇ ಹೋಗಬೇಕೆಂಬ ಆಸೆ ನನಗೆ ನಾಲ್ಕು ವರ್ಷಗಳಿಂದ ಇತ್ತು.

ನಮ್ಮ ಅಮ್ಮ ಹೊಳೆಯ ತೆಂಕು ಬದಿಯವಳು. ಅಪ್ಪ ಬಡಗು ಬದಿಯವರು. ಜಾತಿ ಒಂದೇ, ಮನೆಮಾತು ಬೇರೆ. ಅವಳದು ಮಲಯಾಳ, ಅವರದು ಕನ್ನಡ. ಹಿಂದಿನ ಕಾಲದಲ್ಲಿ ಮಲಯಾಳದ ನಾಯರ್ ಮನೆತನದ ಹೆಂಗಸರು ಚಂದ್ರಗಿರಿ ಹೊಳೆ ದಾಟಿ ಉತ್ತರಕ್ಕೆ ಹೋಗಬಾರದೆಂಬ ಕಟ್ಟು ಇತ್ತು. ಅಮ್ಮನ ಕಾಲಕ್ಕೆ ಅಂಥದ್ದೇನೂ ಉಳಿದಿರಲಿಲ್ಲವಾದರೂ, ಅವಳು ಮದುವೆಯಾಗಿ ಕಡವಿನಲ್ಲಿ ದೋಣಿ ಹತ್ತುವಾಗ ಅಜ್ಜಿ ಅಳುತ್ತ "ಹೊಳೆ ದಾಟಿಸಿಬಿಟ್ಟೆವಲ್ಲ" ಎಂದಳಂತೆ. ದೋಣಿ ಆಚೆ ದಡ ಮುಟ್ಟಲು ಐದು ನಿಮಿಷ ಬೇಕು. ಆ ಐದು ನಿಮಿಷದ ಕತೆಯನ್ನು ಅಮ್ಮ ನಮಗೆ ಐವತ್ತು ಸಲವಾದರೂ ಹೇಳಿದ್ದಾಳೆ. ಕನ್ನಡ ಅಕ್ಷರ ಅವಳು ಕಲಿತದ್ದು ಅಕ್ಕನೂ ನಾನೂ ಶಾಲೆಯಿಂದ ತಂದ ಸ್ಲೇಟಿನಲ್ಲಿ. ನಾವು ತಿದ್ದಿ ಬಿಟ್ಟದ್ದರ ಮೇಲೆ ಅವಳು ತಿದ್ದುತ್ತಿದ್ದಳು. ಕೊನೆಯವರೆಗೂ ಅವಳ 'ಳ' ಮಲಯಾಳದ ಹಾಗೆಯೇ ಉರುಳುತ್ತಿತ್ತು. ಶಾಲೆಯಲ್ಲಿ ಗೆಳೆಯರು ನನ್ನನ್ನು ಮಲಯಾಳಿ ಎಂದು ಹಾಸ್ಯ ಮಾಡುತ್ತಿದ್ದರು, ಅಜ್ಜಿಯ ಮನೆಯಲ್ಲಿ 'ಕನ್ನಡದ ಹುಡುಗ' ಎನ್ನುತ್ತಿದ್ದರು. ಎರಡೂ ನಿಜವೇ ಆದುದರಿಂದ ಜಗಳವಾಡಲು ದಾರಿಯಿರಲಿಲ್ಲ.

1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಅದು ನಡೆಯಲಿಲ್ಲ. ಕನ್ನಡ ಮಾಷ್ಟ್ರಾಗಿ ಆ ವರದಿಯನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಸಮರ್ಥಿಸಿದ್ದೇನೆ, ಈಗಲೂ ಸಮರ್ಥಿಸುತ್ತೇನೆ. ಆದರೆ ಸೈಕಲ್ಲು ತುಳಿಯುತ್ತ ಬೇರೊಂದು ಲೆಕ್ಕ ಹೊಳೆಯಿತು. ಅದರಂತೆ ಆಗಿದ್ದರೆ ಅಜ್ಜಿಯ ಮನೆ ಇನ್ನೊಂದು ರಾಜ್ಯದಲ್ಲಿರುತ್ತಿತ್ತು. ಆಗದ ಕಾರಣ ಅಕ್ಕನ ಮನೆ ಇನ್ನೊಂದು ರಾಜ್ಯದಲ್ಲಿದೆ. ಗೆರೆ ಎಲ್ಲಿ ಎಳೆದರೂ ನಮ್ಮ ಮನೆಯ ಒಬ್ಬ ಹೆಂಗಸು ಆಚೆ ಉಳಿಯುತ್ತಾಳೆ.

ಆಚೆ ಉಳಿಯುವುದೆಂದರೆ ಏನೆಂದು 2020ರವರೆಗೆ ನಮಗೆ ಗೊತ್ತಿರಲಿಲ್ಲ. ಜಾಲ್ಸೂರಿನ ಗಡಿಯಲ್ಲಿ ಒಂದು ತನಿಖಾ ಠಾಣೆ, ಒಂದೆರಡು ಫಲಕ, ಅಷ್ಟೇ ನಮಗೆ ಕಾಣುತ್ತಿದ್ದುದು. ಅಕ್ಕ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಅಮ್ಮನ ತಲೆಗೆ ಎಣ್ಣೆ ಹಚ್ಚಿ, ಸಂಜೆ ಹಿಂದೆ ಹೋಗುತ್ತಿದ್ದಳು. ಆ ವರ್ಷ ಮಾರ್ಚಿನ ಕೊನೆಗೆ ಕೊರೋನಾದ ಭಯದಿಂದ ಗಡಿಯ ರಸ್ತೆಗಳಿಗೆ ಅಡ್ಡಲಾಗಿ ಲಾರಿಗಟ್ಟಲೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರೇ ಗಡಿಯಲ್ಲಿ ಸಿಕ್ಕಿಬಿದ್ದರು. ಎಪ್ರಿಲಿನಲ್ಲಿ ಒಂದು ರಾತ್ರಿ ಅಮ್ಮ ನಿದ್ದೆಯಲ್ಲೇ ತೀರಿಕೊಂಡಳು. ಅಕ್ಕನಿಗೆ ಮೊಬೈಲಿನಲ್ಲಿ ಮುಖ ತೋರಿಸಿದೆ. ಭಾವ ಯಾರ್ಯಾರನ್ನೋ ಕೇಳಿದರು, ಯಾವ್ಯಾವುದೋ ಕಾಗದ ಬೇಕೆಂದರು, ಅಷ್ಟರಲ್ಲಿ ಮಧ್ಯಾಹ್ನವಾಯಿತು. ನಾವು ಐದಾರು ಮಂದಿ ಸೇರಿ ಕೆಲಸ ಮುಗಿಸಿದೆವು. ಮೂರನೆಯ ದಿನ ಬೂದಿಯನ್ನು ಅಮ್ಮ ದಾಟಿ ಬಂದ ಅದೇ ಕಡವಿನಲ್ಲಿ ಬಿಟ್ಟೆ.

ಸುಳ್ಯ ತಲುಪಿದ ಸಂಜೆ ಅಕ್ಕ ನನ್ನ ಅವತಾರ ನೋಡಿ ಮೊದಲು ನಕ್ಕಳು, ಆಮೇಲೆ ಬೈದಳು. "ಈ ಪ್ರಾಯದಲ್ಲಿ ಇದೆಲ್ಲ ಬೇಕಿತ್ತಾ ನಿನಗೆ? ಬಸ್ಸಿಲ್ಲವಾ?" ಬಿಸಿನೀರು ಕಾಯಿಸಿ ಕೊಟ್ಟಳು. ಊಟವಾದ ಮೇಲೆ ತೋಟದ ಹಿಂದೆ ಹೊಳೆಬದಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ದೊಡ್ಡ ಬಂಡೆಯಿದೆ. ಟಾರ್ಚು ಹಾಕಿ ತೋರಿಸಿ ಅವಳು ಹೇಳಿದ ಮಾತನ್ನು ಅದುವರೆಗೆ ನನಗೆ ಹೇಳಿರಲಿಲ್ಲ. ಅಮ್ಮ ತೀರಿಕೊಂಡ ದಿನ ಅವಳು ಆ ಬಂಡೆಯಿಂದ ಇಳಿದು ಹೊಳೆಯಲ್ಲಿ ಒಂದು ಹಿಡಿ ತುಂಬೆ ಹೂ ಬಿಟ್ಟಳಂತೆ. ನಮ್ಮ ಕಡವಿಗೆ ಬರುವ ನೀರು ಅದೇ ಅಲ್ಲವೇ, ತಲುಪೀತು ಎಂದು.

"ತಲುಪಿತಾ ಇಲ್ಲವಾ ಗೊತ್ತಿಲ್ಲ ಮಾರಾಯ. ಎಪ್ರಿಲಿನಲ್ಲಿ ಹೊಳೆಯಲ್ಲಿ ನೀರೆಲ್ಲಿ ಉಂಟು? ಹೂ ಗುಂಡಿಯಲ್ಲೇ ಸುತ್ತುತ್ತಿತ್ತು. ಮರುದಿನ ಹೋದಾಗಲೂ ಅಲ್ಲೇ ಇತ್ತು."

ನಾನು ಏನೂ ಹೇಳಲಿಲ್ಲ. ಬೇಸಗೆಯಲ್ಲಿ ಈ ಹೊಳೆ ಬತ್ತಿ ಗುಂಡಿಗುಂಡಿಯಾಗುವುದು ಇಬ್ಬರಿಗೂ ಗೊತ್ತಿದ್ದದ್ದೇ. ನೀರನ್ನು ಹಿಡಿದಿಡಲು ನಮ್ಮ ಕೃಷಿಕರು ತೋಡುಗಳಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಕಟ್ಟುತ್ತಾರೆ. ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರೆ. ಸುರಂಗದ ನೀರೇ ನಮ್ಮನ್ನು ಮೇ ತಿಂಗಳು ದಾಟಿಸುವುದು.

ಮರುದಿನ ಆಲೆಟ್ಟಿಯ ದಾರಿ. ಮೊದಲ ದಿನದ ದಾರಿಗಿಂತ ಇದು ಚಂದ, ಕಾಡು ಹೆಚ್ಚು, ಲಾರಿ ಕಡಿಮೆ. ಏರೂ ಹೆಚ್ಚು. ಗಡಿ ದಾಟಿದ್ದು ಡಾಮರಿನ ಬಣ್ಣ ಬದಲಾದಾಗಲೇ ತಿಳಿದದ್ದು. ಬಂದಡ್ಕದ ಹೋಟೆಲಿನಲ್ಲಿ ಅವಲಕ್ಕಿ ಕೇಳಿದ್ದು ಕನ್ನಡದಲ್ಲಿ, ಕೊಟ್ಟವರು ಮಾತಾಡಿದ್ದು ಮಲಯಾಳದಲ್ಲಿ, ಪಕ್ಕದ ಮೇಜಿನವರು ಅಡಿಕೆಯ ದರ ಹೇಳಿದ್ದು ತುಳುವಿನಲ್ಲಿ. ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ. ಕುತ್ತಿಕೋಲಿನಿಂದಾಚೆ ಚೈನು ಎರಡು ಸಲ ಕಳಚಿತು. ಎರಡನೆಯ ಸಲ ಅದನ್ನು ಹಾಕಿಕೊಟ್ಟವನು ಆರನೆಯ ತರಗತಿಯ ಒಬ್ಬ ಹುಡುಗ. ಕೈಗೆ ಮೆತ್ತಿದ ಕಪ್ಪನ್ನು ಚಡ್ಡಿಗೆ ಒರೆಸಿಕೊಂಡು ಓಡಿದ, ಹೆಸರು ಹೇಳಲಿಲ್ಲ.

ಕಡವಿಗೆ ಇಳಿಯುವಾಗ ಮೂರು ಗಂಟೆ. ಈಗ ಅಲ್ಲಿ ದೋಣಿಯಿಲ್ಲ. ಮೇಲ್ಗಡೆ ಸೇತುವೆಯಾದ ಮೇಲೆ ಕಡವಿನ ದಾರಿಯಲ್ಲಿ ಹುಲ್ಲು ಬೆಳೆದಿದೆ. ದೋಣಿ ಕಟ್ಟುತ್ತಿದ್ದ ಮರ ಮಾತ್ರ ಹಾಗೆಯೇ ಇದೆ. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ ಯಾರೆಂದು ಮಲಯಾಳದಲ್ಲಿ ಕೇಳಿದಳು. ಅಜ್ಜಿಯ ಮನೆಯ ಹೆಸರು ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹೊಳೆ ದಾಟಿ ಹೋದವಳ ಮಗನಾ?" ಎಂದಳು. ಹೌದೆಂದೆ. ಅವಳು ಮತ್ತೆ ಬಟ್ಟೆ ಒಗೆಯತೊಡಗಿದಳು.

ಸೈಕಲ್ಲನ್ನು ಮರಕ್ಕೆ ಒರಗಿಸಿ ಅಕ್ಕನಿಗೆ ಫೋನು ಮಾಡಿದೆ. ಎಲ್ಲಿದ್ದೇನೆಂದು ಹೇಳಿದ ಮೇಲೆ ಅವಳು ಕೇಳಿದ್ದು ಒಂದೇ: "ನೀರು ಹರಿಯುತ್ತಾ ಉಂಟಾ?"

"ಉಂಟು" ಎಂದೆ.

"ಎಷ್ಟು?"

ಪ್ಯಾಂಟು ಮಡಚಿ ಇಳಿದು ನೋಡಿದೆ. ದಡದಲ್ಲಿ ಮೊಣಕಾಲಿನವರೆಗೆ, ನಡುವೆ ಸೊಂಟದವರೆಗೆ ಇದ್ದೀತು. ಹಾಗೆಯೇ ಹೇಳಿದೆ.

"ಸ್ವಲ್ಪ ಹೊತ್ತು ನಿಲ್ಲು" ಎಂದಳು. ಫೋನು ಇಡಲಿಲ್ಲ. ನಾನೂ ಇಡಲಿಲ್ಲ.