ಮುಂದಿನ ಗಾಲಿ

ಎತ್ತಿನ ಗಾಡಿಯ ಗಾಲಿ ಬದಲಾಯಿಸುವುದು ದೊಡ್ಡ ಸಂಗತಿಯಲ್ಲ. ಒಂದು ಸವೆದರೆ ಇನ್ನೊಂದು. ಮೋಟಾರುಸೈಕಲ್ಲಿನ ಹಿಂದಿನ ಗಾಲಿಯೂ ಹೆಚ್ಚುಕಡಿಮೆ ಅಂಥದೇ; ತಳ್ಳುವುದೇ ಅದರ ಮುಖ್ಯ ಉದ್ಯೋಗ. ಮುಂದಿನದು ಹಾಗಲ್ಲ. ದಾರಿಯನ್ನು ಮೊದಲು ಮುಟ್ಟುವುದು ಅದು, ತಿರುಗುವುದು ಅದು, ಬ್ರೇಕು ಹಿಡಿದಾಗ ಹೆಚ್ಚಿನ ಭಾರ ಹೊರುವುದೂ ಅದೇ. ಆದ್ದರಿಂದ ಅಕ್ಕನ ಮಗ ಬಂದು, “ಮಾವ, ಅಪ್ಪನ ಜಾವಾಕ್ಕೆ ಬೇರೆ ಫೋರ್ಕು, ಬೇರೆ ವೀಲು ಹಾಕಿಸ್ತೀನಿ” ಎಂದಾಗ, ಕುದುರೆಗೆ ಬೇರೆ ಮುಂಗಾಲು ಕಟ್ಟಿಸುತ್ತೇನೆಂದಂತೆ ನನಗೆ ಕೇಳಿಸಿತು.

ನಮ್ಮ ಭಾವ ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಜಾವಾ ಕೊಂಡದ್ದು 1972ರಲ್ಲಿ. ಕಿಕ್ಕರೂ ಗೇರೂ ಒಂದೇ ಕಡ್ಡಿಯಲ್ಲಿರುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಗಾಡಿ ಅದು. ಭಾವ ತೀರಿಕೊಂಡ ಮೇಲೆ ಬ್ಯಾರನ್ನಿನ ಮೂಲೆ ಸೇರಿತು. ಒಂದು ಮಳೆಗಾಲದಲ್ಲಿ ಬ್ಯಾರನ್ನಿನ ತೊಲೆ ಬಿದ್ದು ಅದರ ಫೋರ್ಕು ಬಗ್ಗಿತು, ರಿಮ್ಮು ನೆಗ್ಗಿತು. ಹುಡುಗ ಪಶು ಔಷಧಗಳ ಏಜೆಂಟ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ನಾಲ್ಕೂ ತಾಲ್ಲೂಕು ಸುತ್ತಬೇಕು. ಅಪ್ಪನ ಗಾಡಿಯಲ್ಲೇ ಸುತ್ತಬೇಕೆಂಬುದು ಅವನ ಆಸೆ.

ಹಾಗೆ ನೋಡಿದರೆ ಜಾವಾದ ಹೆಸರೇ ಕಸಿ ಮಾಡಿದ್ದು. 1929ರಲ್ಲಿ ಜೆಕ್ ದೇಶದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರುಸೈಕಲ್ಲಿನ ವಿನ್ಯಾಸ ಕೊಂಡು, ತನ್ನ ಹೆಸರಿನ ಎರಡಕ್ಷರಕ್ಕೆ ಅದರ ಎರಡಕ್ಷರ ಸೇರಿಸಿದ. ಆ ಗಿಡ 1960ರ ಸುಮಾರಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂದು ಬೇರೂರಿತು, ಮುಂದೆ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಾಗಿರುವಾಗ ಇನ್ನೊಂದು ಕಸಿಗೆ ಅಡ್ಡಿಯೇನು ಎಂಬುದು ಹುಡುಗನ ವಾದ.

ಅಡ್ಡಿಯೇನೆಂದು ತೋರಿಸಿದವರು ಹುಣಸೂರಿನ ಒಬ್ಬ ಮೆಕ್ಯಾನಿಕ್ಕು. ಹೊಸ ಗಾಡಿಯೊಂದರ ಡಿಸ್ಕ್ ಬ್ರೇಕಿನ ಫೋರ್ಕು ಜಾವಾದ ಹೆಡ್ಡಿಗೆ ನೇರವಾಗಿ ಕೂರಲಿಲ್ಲ. ಲೇತಿನಲ್ಲಿ ಬುಷ್ ಕಡೆಸಿ, ಬೇರೆ ಕೋನ್‌ಸೆಟ್ ಹಾಕಿ ಕೂರಿಸಿದ್ದರು. ಆದರೆ ಗಾಡಿ ಸ್ಟಾರ್ಟ್ ಮಾಡಲಿಲ್ಲ. ಹೆಡ್ಡಿನ ಓರೆಗೆ ಸರಿಯಾಗಿ ಒಂದು ಕೋಲು ಹಿಡಿದು, ಅದು ನೆಲ ಮುಟ್ಟಿದ ಕಡೆ ಸೀಮೆಸುಣ್ಣದ ಗುರುತು ಹಾಕಿದರು. ಆಕ್ಸಲ್ಲಿನ ನಡುವಿನಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಅದರ ಹಿಂದೆ ಇನ್ನೊಂದು ಗುರುತು ಹಾಕಿದರು.

“ನೋಡಿ ಸಾರ್, ಇವೆರಡರ ನಡುವೆ ಇರೋ ಜಾಗವೇ ಗಾಡಿಯ ಬುದ್ಧಿ,” ಎಂದರು.

ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿ ತನ್ನ ಕಂಬದ ಹಿಂದೆ ತಾನೇ ನೆಟ್ಟಗಾಗುವುದನ್ನು ನೀವು ಕಂಡಿರುತ್ತೀರಿ. ಇದೂ ಅದೇ ನ್ಯಾಯ. ಆ ಅಂತರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ಲು ನಡುಗುತ್ತದೆ. ಹೆಚ್ಚಾದರೆ ತಿರುವಿನಲ್ಲಿ ಗಾಡಿ ಮೊಂಡು ಹಿಡಿಯುತ್ತದೆ. ಜಾವಾದ ಗಾಲಿ 16 ಅಂಗುಲದ್ದು, ತಂದದ್ದು 18 ಅಂಗುಲದ್ದು. ಟೈರಿನ ಎತ್ತರ ಅಷ್ಟೇ ಇದ್ದರೂ ಆಕ್ಸಲ್ಲು ಒಂದು ಅಂಗುಲ ಮೇಲೇರಿತು. ಫೋರ್ಕೂ ಉದ್ದ, ಮುಂಭಾಗ ಎದ್ದು ಓರೆ ಹೆಚ್ಚಿ, ಗುರುತುಗಳ ಅಂತರ ಮೊದಲಿಗಿಂತ ಎರಡು ಬೆರಳು ಬೆಳೆದಿತ್ತು. ಫೋರ್ಕಿನ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿ ತಗ್ಗಿಸೋಣವೆಂದರೆ, ಗುಂಡಿಗೆ ಇಳಿದಾಗ ಗಾಲಿ ಮೇಲೇರಿ ಚಾಸಿಸ್ಸಿಗೆ ತಾಗೀತು. ಮನೆಅಳಿಯ ಬಂದಂತಾಯಿತು: ಬಂದವನು ಒಬ್ಬನೇ, ಜಾಗ ಬದಲಾಯಿಸಬೇಕಾದವರು ಮನೆಮಂದಿಯೆಲ್ಲ. “ಬ್ರೇಕೇನೋ ಹೊಸದು, ಗಟ್ಟಿಯಾಗಿ ಹಿಡಿಯುತ್ತೆ. ಆ ಎಳೆತ ತಡೆಯಬೇಕಾದ್ದು ಹಳೇ ಚಾಸಿಸ್ಸಿನ ಕುತ್ತಿಗೆ” ಎಂದೂ ಸೇರಿಸಿದರು.

ಕಾನೂನಿನ ಮಾತೂ ಇತ್ತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ನಾಲ್ಕೂ ತಾಲ್ಲೂಕುಗಳ ಆರ್.ಟಿ.ಓ. ಕಚೇರಿ ಇರುವುದು ಹುಣಸೂರಿನಲ್ಲೇ.

ಇಷ್ಟಾದರೂ ಹುಡುಗ ಮಣಿಯಲಿಲ್ಲ. ಹಳೆಯ ಡ್ರಮ್ ಬ್ರೇಕು ನಂಬಿ ಕೋಟೆಯ ಕಾಡಂಚಿನ ದಾರಿಯಲ್ಲಿ ಹೋಗುವುದು ಹೇಗೆ, ಜಿಂಕೆ ಅಡ್ಡ ಬಂದರೆ ಗತಿಯೇನು ಎಂದ. ಅದು ಸುಳ್ಳಲ್ಲ. ತೀರ್ಪಿಗೆ ಅಕ್ಕನ ಬಳಿ ಹೋದೆವು. ಗಂಡನ ಗಾಡಿಯ ರೂಪ ಕೆಡಿಸಬೇಡವೆಂದು ಅವಳು ಹೇಳುತ್ತಾಳೆಂದೇ ನಮ್ಮಿಬ್ಬರ ನಿರೀಕ್ಷೆ. ಅವಳು ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ ಅಂದಳು: “ನಿಮ್ಮ ಭಾವನ್ನ ಆ ಗಾಡೀಲಿ ಇಟ್ಟುಕೊಂಡು ನಾನೇನು ಮಾಡಲಿ? ಸಂಜೆ ಇವನು ಮನೆಗೆ ಬರಬೇಕು. ಯಾವ ಗಾಡೀಲಿ ಬರ್ತಾನೋ ಅದನ್ನ ತರಲಿ.”

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ತಿಂಗಳು ಓಡಾಟಕ್ಕೆ ಎ.ಬಿ.ಎಸ್. ಇರುವ ಹೊಸ ಗಾಡಿ ಬಂತು. ಜಾವಾಕ್ಕೂ ಬೇರೆ ಫೋರ್ಕು, ಬೇರೆ ಗಾಲಿಯೇ ಬಂದವು. ಗುಜರಿ ಸೇರಿದ್ದ ಅದೇ ಮಾದರಿಯ ಇನ್ನೊಂದು ಜಾವಾದವು. ಸೀಮೆಸುಣ್ಣದ ಗುರುತುಗಳು ತಮ್ಮ ಜಾಗಕ್ಕೆ ಮರಳಿದವು. ಬ್ರೇಕಿಗೆ ಹೊಸ ಲೈನರು ಹಾಕಿಸಿದ್ದಾನೆ.

ಬಿಡುವಿದ್ದ ಭಾನುವಾರ ಅವನು ಅಕ್ಕನನ್ನು ಹಿಂದೆ ಕೂರಿಸಿಕೊಂಡು ಕೃಷ್ಣರಾಜನಗರದ ಅರ್ಕೇಶ್ವರನ ಗುಡಿಯ ತನಕ ಜಾವಾದಲ್ಲಿ ಹೋಗಿಬರುತ್ತಾನೆ. ದಾರಿಯುದ್ದಕ್ಕೂ ಅವಳು “ನಿಧಾನ, ನಿಧಾನ” ಎನ್ನುತ್ತಿರುತ್ತಾಳಂತೆ. ಭಾವನಿಗೂ ಹಾಗೆಯೇ ಹೇಳುತ್ತಿದ್ದಳು.