ತಂಬೂರಿಯ ಸಾಕ್ಷಿ

ಹೆಡ್‌ಫೋನ್ ಅಂಗಡಿಗಳಲ್ಲಿ ಗಿರಾಕಿಗೆ ಸಾಮಾನ್ಯವಾಗಿ ಕೇಳಿಸುವುದು ಡ್ರಮ್ಮಿನ ಅಬ್ಬರ ಇರುವ ಹಾಡನ್ನು. ಎದೆಗೆ ಗುದ್ದುವಂತೆ ಬಾಸ್ ಬಂದರೆ ವ್ಯಾಪಾರ ಕುದುರಿದಂತೆಯೇ. ನಾನು ಮಾತ್ರ ಫೋನಿನಲ್ಲಿ ಒಂದು ಧ್ವನಿಮುದ್ರಣ ಇಟ್ಟುಕೊಂಡು ಹೋಗುತ್ತೇನೆ. ಅದರಲ್ಲಿ ಹಾಡಿಲ್ಲ, ತಾಳವಿಲ್ಲ, ಒಂದು ತಂಬೂರಿ ಮಾತ್ರ ಇದೆ. ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ, ಮತ್ತೆ ಪಂಚಮ. ಹೆಡ್‌ಫೋನನ್ನು ತೂಗಿ ನೋಡಲು ಇದಕ್ಕಿಂತ ನಿಷ್ಠುರವಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಇದಕ್ಕೆ ಕಾರಣ ಭಕ್ತಿಯಲ್ಲ, ಭೌತಶಾಸ್ತ್ರ. 1921ರಲ್ಲಿ, ಇನ್ನೂ ಕಲ್ಕತ್ತಾದಲ್ಲಿದ್ದ ಸಿ.ವಿ. ರಾಮನ್ ತಂಬೂರಿ ಮತ್ತು ವೀಣೆಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳ ಉಪಸ್ವರಗಳೂ ಏಳುತ್ತವೆ. ಒಂದು ಉಪಸ್ವರಕ್ಕೆ ತಂತಿಯ ಯಾವ ಬಿಂದು ಅಲುಗದೆ ನಿಲ್ಲುತ್ತದೋ ಅಲ್ಲಿಯೇ ಮೀಟಿದರೆ ಆ ಉಪಸ್ವರ ಹುಟ್ಟಬಾರದು ಎನ್ನುವುದು ಅಲ್ಲಿಯವರೆಗೆ ಒಪ್ಪಿಕೊಂಡಿದ್ದ ನಿಯಮ. ತಂಬೂರಿ ಆ ನಿಯಮಕ್ಕೆ ಬಗ್ಗುವುದಿಲ್ಲ, ಅಲ್ಲಿ ಮೀಟಿದರೂ ಆ ಉಪಸ್ವರ ಗಟ್ಟಿಯಾಗಿಯೇ ಕೇಳುತ್ತದೆ ಎಂದು ರಾಮನ್ ತೋರಿಸಿದರು. ಗುಟ್ಟು ಇರುವುದು ತಂತಿಯನ್ನು ಹೊರುವ ಅದರ ಅಗಲವಾದ, ನಸು ಬಾಗಿದ ಕುದುರೆಯಲ್ಲಿ ಮತ್ತು ತಂತಿಯ ಕೆಳಗೆ ಸಿಕ್ಕಿಸುವ ನೂಲಿನಲ್ಲಿ. ಪ್ರತಿ ಅಲುಗಾಟಕ್ಕೂ ತಂತಿ ಕುದುರೆಯನ್ನು ಸವರಿ ಬಿಡುತ್ತದೆ, ಮೇಲಿನ ಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. ನಾವು ಜವಾರಿ ಎನ್ನುವುದು ಇದನ್ನೇ.

ಹೆಡ್‌ಫೋನ್ ಕೇಳುವವನ ಕಣ್ಣಿನಿಂದ ಇದನ್ನು ನೋಡಿ. ಗಂಡುದನಿಗೆ ಹೊಂದುವಂತೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ ಶ್ರುತಿ ಮಾಡಿದರೆ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್‌ನಲ್ಲಿರುತ್ತದೆ. ಅದರ ಐದನೆಯ ಉಪಸ್ವರ 346 ಹರ್ಟ್ಸ್ ಹತ್ತಿರ ಬಂದು ಅಂತರ ಗಾಂಧಾರವಾಗುತ್ತದೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿಲ್ಲ, ಆದರೂ ಅದು ಕೇಳುತ್ತದೆ. ಅದಕ್ಕೇ ಸ್ವಯಂಭೂ ಗಾಂಧಾರವೆಂಬ ಹೆಸರು. ಅದರ ಮೇಲೆ ಜವಾರಿಯ ಝೇಂಕಾರ ಸಾವಿರಾರು ಹರ್ಟ್ಸ್‌ವರೆಗೆ ಹಬ್ಬಿಕೊಂಡಿರುತ್ತದೆ. ಹೀಗೆ ಒಂದೇ ವಾದ್ಯ ತಗ್ಗಿನಿಂದ ತಾರದವರೆಗೆ ಇಡೀ ಹರಹನ್ನು ಎಡೆಬಿಡದೆ ತುಂಬಿ ನಿಲ್ಲುತ್ತದೆ. ಹೆಡ್‌ಫೋನು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎನ್ನುವುದು ಬೇಗ ಗೊತ್ತಾಗುತ್ತದೆ. ಬಾಸ್ ಏರಿಸಿದ ಹೆಡ್‌ಫೋನಿನಲ್ಲಿ ಮಂದ್ರ ಷಡ್ಜ ಗುಂಯ್ ಎಂದು ಊದಿಕೊಂಡು ಗಾಂಧಾರವನ್ನು ನುಂಗಿಬಿಡುತ್ತದೆ. ಏಳೆಂಟು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಏರು ಇದ್ದರೆ ಜವಾರಿ ತಗಡು ಕೆರೆದಂತೆ ಕೇಳುತ್ತದೆ.

ನನ್ನ ಅಣ್ಣನ ಮಗಳು ಹಾಡು ಕಲಿಯುತ್ತಿದ್ದಾಳೆ. ಕಿಲೋಹರ್ಟ್ಸ್, ಡೆಸಿಬೆಲ್‌ಗಳ ಗೊಡವೆ ಅವಳಿಗಿಲ್ಲ. ಒಮ್ಮೆ ಹೆಸರಾಂತ ದುಬಾರಿ ಹೆಡ್‌ಫೋನೊಂದನ್ನು ಅವಳ ತಲೆಗೆ ಹಾಕಿ ಅದೇ ತಂಬೂರಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, "ಜವಾರಿ ತುಂಬ ತೆರ್ಕೊಂಡಿದೆ ಚಿಕ್ಕಪ್ಪ, ನೂಲು ಸ್ವಲ್ಪ ಸರಿಸಬೇಕು" ಎಂದಳು. ವಾದ್ಯದಲ್ಲಿ ದೋಷವಿಲ್ಲವೆಂದು ನನಗೆ ಗೊತ್ತಿತ್ತು. ಅವಳು ನೂಲು ಸರಿಸಲು ಹೊರಟಿದ್ದು ಹೆಡ್‌ಫೋನಿನದು. ಅದೇ ಮಾದರಿಯನ್ನು ಅಳೆದವರ ನಕ್ಷೆ ತೆಗೆದು ನೋಡಿದರೆ, ಅವಳು ಹೇಳಿದ ಜವಾರಿಯ ಜಾಗದಲ್ಲೇ ಗೆರೆ ಎದ್ದು ನಿಂತಿತ್ತು.

ದುಬಾರಿ ಎಂದೆನಲ್ಲ, ಆ ಮಾತನ್ನೂ ಆಡಿಬಿಡುತ್ತೇನೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿದ. ಯಾವ ಸ್ವರ ಎಷ್ಟು ಗಟ್ಟಿಯಾಗಿ ಬರುತ್ತದೆ ಎನ್ನುವುದಕ್ಕೂ ಬೆಲೆಗೂ ನಂಟೇ ಕಾಣಲಿಲ್ಲ. ಗಟ್ಟಿತನ, ಹಗುರವಾದ ಪಟ್ಟಿ, ಬಿಡಿಭಾಗ ಸಿಗುವ ಭರವಸೆ ಇವಕ್ಕೆ ಹಣ ಕೊಡುವುದು ನ್ಯಾಯ. ನಾದ ಮಾತ್ರ ಬೆಲೆಚೀಟಿ ನೋಡಿ ಬರುವುದಿಲ್ಲ. ಸೆನ್‌ಹೈಸರ್‌ನ ಎಚ್‌ಡಿ 600 ಹೊರಬಂದದ್ದು 1997ರಲ್ಲಿ. ಆಮೇಲೆ ಅದಕ್ಕಿಂತ ಹತ್ತು ಪಟ್ಟು ಬೆಲೆಯವು ಎಷ್ಟೋ ಬಂದಿವೆ. ಮನುಷ್ಯನ ಕೊರಳು ಅದರಲ್ಲಿ ಕೇಳುವಷ್ಟು ಸಹಜವಾಗಿ ಅವುಗಳ ಪೈಕಿ ಹೆಚ್ಚಿನವುಗಳಲ್ಲಿ ನನಗೆ ಕೇಳಿಲ್ಲ.

ಸಹಜ ಎನ್ನುವುದಕ್ಕೂ ಅಳತೆಯಿದೆ. ನಮ್ಮ ಕಿವಿಯ ಹಾಲೆ ಮತ್ತು ಕಿವಿಗೊಳವೆ ಸೇರಿ ಸುಮಾರು 3,000 ಹರ್ಟ್ಸ್ ಬಳಿಯ ಸದ್ದನ್ನು ತಾವೇ ಹತ್ತು ಡೆಸಿಬೆಲ್‌ಗೂ ಮೀರಿ ಏರಿಸುತ್ತವೆ. ಎದುರಿಗೆ ಕುಳಿತು ಹಾಡುವವರ ದನಿ ಹೀಗೆ ಏರಿಯೇ ಒಳಗೆ ಹೋಗುತ್ತದೆ. ಹೆಡ್‌ಫೋನ್ ಕಿವಿಗೆ ಅಂಟಿಕೊಂಡು ಕೂರುವುದರಿಂದ ಆ ಏರಿಕೆಯ ಲೆಕ್ಕವನ್ನು ತಯಾರಕನೇ ಹಿಡಿದಿರಬೇಕು. ಅದು ತಪ್ಪಿದರೆ ಗಾಯಕಿ ಪಕ್ಕದ ಕೋಣೆಯಿಂದ ಹಾಡಿದಂತಾಗುತ್ತದೆ. ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಬೇರೆ ಬೇರೆ ದೇಶಗಳ ಕೇಳುಗರನ್ನು ಕೂರಿಸಿ ಪರೀಕ್ಷಿಸಿದಾಗ, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ ಹೆಡ್‌ಫೋನನ್ನೇ ಹೆಚ್ಚಿನವರು ಮೆಚ್ಚಿದರು. ಹೆಡ್‌ಫೋನ್ ಹವ್ಯಾಸಿಗಳ ಬಳಗದಲ್ಲಿ ಹರ್ಮನ್ ಕರ್ವ್ ಎಂದು ಕರೆಯುವುದು ಅಂಥ ಹೆಡ್‌ಫೋನಿನ ನಾದದ ನಕ್ಷೆಯನ್ನು. ನಾನು ಅದನ್ನು ದಾರಿಕಲ್ಲಾಗಿ ಇಟ್ಟುಕೊಂಡಿದ್ದೇನೆ. ಅದರ ಬಾಸ್ ಮಾತ್ರ ಮಂದ್ರ ಷಡ್ಜಕ್ಕೆ ಒಂದು ಗುಟುಕು ಹೆಚ್ಚಾಯಿತು ಅನ್ನಿಸುತ್ತದೆ.

ಈಗ ಆಂಪ್ಲಿಫೈಯರ್. ಹವ್ಯಾಸಿಗಳ ಹಣ ಅತಿ ಹೆಚ್ಚು ಪೋಲಾಗುವುದು ಇಲ್ಲಿ. ಲೆಕ್ಕ ಹಾಕಿ ನೋಡೋಣ. ಒಂದು ಮಿಲಿವ್ಯಾಟ್‌ಗೆ 97 ಡೆಸಿಬೆಲ್ ಕೊಡುವ ಹೆಡ್‌ಫೋನ್ ಇದೆ ಎನ್ನಿ. ತನಿಯಾವರ್ತನದ ಕೊನೆಯ ಮುಕ್ತಾಯದಂತಹ ಕ್ಷಣಕ್ಕೆ 110 ಡೆಸಿಬೆಲ್ ಬೇಕಾದರೂ 20 ಮಿಲಿವ್ಯಾಟ್ ಸಾಕು. ಹೆಡ್‌ಫೋನು 32 ಓಮ್‌ನದಾದರೆ ಇದಕ್ಕೆ ಬೇಕಾಗುವುದು ಬರೀ 0.8 ವೋಲ್ಟ್, ಫೋನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ಲೇ ಅಷ್ಟು ಕೊಡುತ್ತದೆ. 300 ಓಮ್‌ನದಾದರೆ ಸುಮಾರು 2.5 ವೋಲ್ಟ್ ಬೇಕು, ಆಗ ಬೇರೆ ಆಂಪ್ಲಿಫೈಯರ್ ಇಡುವುದಕ್ಕೆ ಅರ್ಥವಿದೆ. ಹೆಡ್‌ಫೋನಿನ ಓಮ್ ಮತ್ತು ಸೆನ್ಸಿಟಿವಿಟಿ (ಮಿಲಿವ್ಯಾಟ್‌ಗೆ ಎಷ್ಟು ಡೆಸಿಬೆಲ್) ಎರಡನ್ನೂ ಪೆಟ್ಟಿಗೆಯ ಮೇಲೆ ಓದಿ ಈ ಲೆಕ್ಕ ಮಾಡದೆ ಆಂಪ್ಲಿಫೈಯರ್ ಕೊಳ್ಳಬಾರದು.

ಆಂಪ್ಲಿಫೈಯರಿನಲ್ಲಿ ನಿಜಕ್ಕೂ ನೋಡಬೇಕಾದ ಇನ್ನೊಂದು ಸಂಖ್ಯೆ ಅದರ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಹೊರದಾರಿಯಲ್ಲಿ ಅದೇ ಒಡ್ಡುವ ತಡೆ. ಹೆಡ್‌ಫೋನಿನ ಓಮ್‌ನ ಎಂಟನೆಯ ಒಂದು ಭಾಗವನ್ನು ಅದು ಮೀರದಿರಲಿ ಎನ್ನುವುದು ಬಳಗದ ರೂಢಿ. 300 ಓಮ್‌ನ ಹೆಡ್‌ಫೋನು ಎಲ್ಲ ಸ್ವರಗಳಿಗೂ 300 ಓಮ್ ಆಗಿರುವುದಿಲ್ಲ, ಬಾಸ್‌ನ ಒಂದು ಜಾಗದಲ್ಲಿ 500ಕ್ಕೂ ಏರುವುದುಂಟು. ಔಟ್‌ಪುಟ್ ಇಂಪಿಡೆನ್ಸ್ 120 ಓಮ್ ಇರುವ ಆಂಪ್ಲಿಫೈಯರಿಗೆ ಅಂಥದ್ದನ್ನು ಸಿಕ್ಕಿಸಿದರೆ ಆ ಜಾಗ ಸುಮಾರು ಒಂದು ಡೆಸಿಬೆಲ್ ಉಬ್ಬುತ್ತದೆ. ವಾಲ್ವ್ ಆಂಪ್ಲಿಫೈಯರುಗಳ 'ಬೆಚ್ಚನೆಯ ನಾದ'ದಲ್ಲಿ ಎಷ್ಟೋ ಸಲ ಇದರ ಪಾಲಿರುತ್ತದೆ. ಬೆಚ್ಚಗೆ ಕೇಳಬೇಕೆನ್ನುವ ಆಸೆ ತಪ್ಪಲ್ಲ. ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿದ ಮೇಲೆ ಕೊಳ್ಳುವುದು ಒಳ್ಳೆಯದು, ಏಕೆಂದರೆ ಅದೇ ಒಂದು ಡೆಸಿಬೆಲ್ಲನ್ನು ಈಕ್ವಲೈಜರ್‌ನಲ್ಲಿ ಕಾಸಿಲ್ಲದೆ ಏರಿಸಬಹುದು.

ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವವರಿಗೆ ನನ್ನದೊಂದು ಒತ್ತಾಯವಿದೆ: ಮೊದಲು ಸದ್ದನ್ನು ಸರಿಸಮ ಮಾಡಿ. ಅರ್ಧ ಡೆಸಿಬೆಲ್ ಜೋರಾದದ್ದು ನಮಗೆ ಜೋರು ಎಂದು ಕೇಳುವುದಿಲ್ಲ, ಚೆನ್ನಾಗಿದೆ ಎಂದು ಕೇಳುತ್ತದೆ. ಕಿವಿಯಿಂದ ಸಮ ಮಾಡಲು ಆಗದು, ಮಲ್ಟಿಮೀಟರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮೀಟರ್ ಸಾಕು. 400 ಹರ್ಟ್ಸ್‌ನ ಒಂದೇ ಸಮನೆಯ ಸದ್ದು ಹಾಕಿ, ಹೆಡ್‌ಫೋನ್ ಸಿಕ್ಕಿಸಿದಂತೆಯೇ ಎರಡರ ವೋಲ್ಟೇಜಿನ ವ್ಯತ್ಯಾಸವನ್ನು ಶೇಕಡಾ ಒಂದರೊಳಗೆ ತನ್ನಿ. ಆಮೇಲೆ ಮನೆಯವರೊಬ್ಬರಿಗೆ ಹೇಳಿ ಬೆನ್ನ ಹಿಂದೆ ಬದಲಾಯಿಸಿಸಿ. ಯಾವುದು ಯಾವುದೆಂದು ಅವರು ಬಾಯಿಬಿಡಬಾರದು. ಹೀಗೆ ಕೇಳಿದಾಗ, ಶಕ್ತಿ ಸಾಕಷ್ಟಿರುವ, ಔಟ್‌ಪುಟ್ ಇಂಪಿಡೆನ್ಸ್ ಕಡಿಮೆಯಿರುವ, ಗೊಣಗಿಲ್ಲದ ಎರಡು ಆಂಪ್ಲಿಫೈಯರುಗಳ ನಡುವೆ ನನಗೆ ಎಂದೂ ವ್ಯತ್ಯಾಸ ಹಿಡಿಯಲಾಗಿಲ್ಲ. ಎರಡು ಹೆಡ್‌ಫೋನುಗಳ ನಡುವಿನ ವ್ಯತ್ಯಾಸವಾದರೋ ಮೊದಲ ಮೀಟಿಗೇ ತಿಳಿಯುತ್ತದೆ.

ತಂಬೂರಿಯ ನಂತರ ನಾನು ಕೇಳುವುದು ಮೃದಂಗ. ಇದರಲ್ಲೂ ರಾಮನ್ ನಮಗಿಂತ ಮುಂದೆ ಇದ್ದಾರೆ. ತಮಟೆ, ಡೋಲುಗಳ ಚರ್ಮದಿಂದ ಬರುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಗಡೆಗೆ ಹಚ್ಚುವ ಕರಣೆ ಎಂಬ ಕಪ್ಪು ಲೇಪ ಆ ಚದುರಿದ ಕಂಪನಗಳನ್ನು ತಂತಿವಾದ್ಯದ ಹಾಗೆ ಸಾಲಿಗೆ ತರುತ್ತದೆ ಎಂದು ಅವರು 1920ರಲ್ಲೇ ಗುರುತಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ, ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ, 1934ರಲ್ಲಿ, ಅದನ್ನು ವಿಸ್ತಾರವಾಗಿ ಬರೆದರು. ಹಾಗಾಗಿ ಮೃದಂಗದ ನುಡಿಸುವಿಕೆಯಲ್ಲಿ ಪೆಟ್ಟೂ ಇದೆ, ಶ್ರುತಿಯೂ ಇದೆ. ಎಡಗಡೆಯ ಗುಂಕಿಯ ತಗ್ಗಿನ ನಾದ ನಿಂತ ಮೇಲೂ ಹೆಡ್‌ಫೋನು ಗುಂಯ್‌ಗುಡುತ್ತಿದ್ದರೆ, ಬಲದ ನಾದ ಬರೀ ಟಕ್ ಎಂದು ಒಣಗಿದ್ದರೆ ನಾನು ಅದನ್ನು ಅಲ್ಲೇ ಇಟ್ಟು ಬರುತ್ತೇನೆ.

ಇನ್ನು ತೆರೆದದ್ದೋ ಮುಚ್ಚಿದ್ದೋ ಎನ್ನುವ ಪ್ರಶ್ನೆ. ಹಿಂಭಾಗ ತೆರೆದಿರುವ ಹೆಡ್‌ಫೋನ್‌ಗಳ ದಾರಿ ತೆರೆದದ್ದು 1968ರಲ್ಲಿ ಬಂದ, ಹಳದಿ ಸ್ಪಂಜಿನ, ಸೆನ್‌ಹೈಸರ್‌ನದೇ ಎಚ್‌ಡಿ 414. ಶಾಂತವಾದ ಕೋಣೆಯಿದ್ದರೆ ಇಂಥವೇ ವಾಸಿ, ತಂಬೂರಿ ತಲೆಯೊಳಗೆ ಸಿಕ್ಕಿಕೊಳ್ಳದೆ ಸುತ್ತ ಹರಡುತ್ತದೆ. ಕುಕ್ಕರಿನ ಸೀಟಿ, ಪಕ್ಕದ ಮನೆಯ ಟಿ.ವಿ., ಹೊರಗಿನ ಹಾರ್ನ್ ಎಲ್ಲವೂ ಒಳಗೆ ಬರುತ್ತವೆ ಎನ್ನುವುದೂ ನಿಜ, ಅಂಥ ಮನೆಗೆ ಮುಚ್ಚಿದ್ದೇ ಸರಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಕೃತಕ ಚರ್ಮದ ಮೆತ್ತೆಗಳು ಬೇಗ ಸಿಪ್ಪೆ ಏಳುತ್ತವೆ, ಬಟ್ಟೆಯವು ಬಾಳುತ್ತವೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿದರೆ ಬಾಸ್ ಅಲ್ಲಿಂದಲೇ ಸೋರಿಹೋಗುತ್ತದೆ. ಕನ್ನಡಕ ಹಾಕುವವರು ಹಾಕಿಕೊಂಡೇ ಕೇಳಿ ನೋಡಬೇಕು.

ಕೊಂಡ ಮೇಲೆ ಸದ್ದನ್ನು ಹಿಡಿತದಲ್ಲಿಡಿ. ವಯಸ್ಕರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 90ಕ್ಕೆ ಏರಿಸಿದರೆ ಸಿಗುವುದು ವಾರಕ್ಕೆ ಬರೀ 4 ಗಂಟೆ. ಹೆಡ್‌ಫೋನಿನ ಮೆತ್ತೆ ಹಾಳಾದರೆ ಬೇರೆ ತರಬಹುದು, ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ.